ಹೊಸಬರಿಗೆ ಮಾರ್ಗದರ್ಶಿ: ಇಂಗ್ಲೆಂಡಿನಲ್ಲಿ ಮನೆಮಂದಿಯ ಮನಸ್ಸಿನ ಆರೋಗ್ಯ

ಬಾಡಿಗೆ ಮನೆ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ, ಸೋನಾ ಮಸೂರಿ ಅಕ್ಕಿ ಸಿಗುವ ಅಂಗಡಿ. ಇಂಗ್ಲೆಂಡಿಗೆ ಹೊಸದಾಗಿ ಬಂದವರು ನಮ್ಮ ಕನ್ನಡ ಸಂಘದವರನ್ನು ಕೇಳುವುದು ಹೆಚ್ಚಾಗಿ ಇವುಗಳ ಬಗ್ಗೆಯೇ. ಕೆಲವು ತಿಂಗಳ ನಂತರ ಬರುವ ಕರೆಗಳು ಬೇರೆ. ‘ಮಗಳು ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲವಂತೆ.’ ‘ಇವರು ಕೆಲಸ ಮುಗಿಸಿ ಬಂದರೆ ಯಾರ ಜೊತೆಗೂ ಮಾತಿಲ್ಲ.’ ‘ಅಮ್ಮ ಊರಿಗೆ ಕಳಿಸಿಬಿಡಿ ಎಂದು ಅಳುತ್ತಾರೆ.’ ಮಾರ್ಗದರ್ಶಿಯ ಈ ಭಾಗ ಇರುವುದು ಇಂಥ ಕರೆಗಳಿಗಾಗಿ.

ದೇಶ ಬಿಟ್ಟು ಬರುವ ಕುಟುಂಬ ದುಡಿಯುವವರ ಕೆಲಸ ಮತ್ತು ಮಕ್ಕಳ ಶಾಲೆಯ ಸುತ್ತ ಎಲ್ಲವನ್ನೂ ಜೋಡಿಸಿಕೊಳ್ಳುತ್ತದೆ. ಉಳಿದವರು ಆ ಜೋಡಣೆಗೆ ಹೊಂದಿಕೊಂಡು ಹೋಗುತ್ತಾರೆ ಎಂಬ ನಂಬಿಕೆ. ನಮ್ಮ ಅನುಭವದಲ್ಲಿ ಮೊದಲು ಕುಸಿಯುವವರು ಆ ಉಳಿದವರೇ. ಆದ್ದರಿಂದ ಬಂದ ಮೊದಲ ತಿಂಗಳಲ್ಲೇ ಒಂದು ಲೆಕ್ಕ ಹಾಕಿ: ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಮನೆಯ ಹೊರಗೆ ಮನಬಿಚ್ಚಿ ಮಾತನಾಡಲು ಒಬ್ಬರಾದರೂ ಇದ್ದಾರೆಯೇ? ಯಾರಿಗೆ ಇಲ್ಲವೋ ಅವರ ಕಡೆ ಗಮನ ಹೆಚ್ಚಿರಲಿ.

ಮೊದಲು ಜಿಪಿ ನೋಂದಣಿ

ಮನೆಯ ಪ್ರತಿಯೊಬ್ಬರ ಹೆಸರನ್ನೂ ಬಂದ ವಾರದಲ್ಲೇ ಹತ್ತಿರದ ಜಿಪಿ ಸರ್ಜರಿಯಲ್ಲಿ, ಅಂದರೆ ಕುಟುಂಬ ವೈದ್ಯರ ಚಿಕಿತ್ಸಾಲಯದಲ್ಲಿ, ನೋಂದಾಯಿಸಿ. ಗಂಡನ ಹೆಸರು ಬರೆಸಿ, ಹೆಂಡತಿಯದನ್ನು ‘ಕಾಯಿಲೆ ಬಂದಾಗ ನೋಡಿಕೊಂಡರಾಯಿತು’ ಎಂದು ಬಿಡುವ ಮನೆಗಳು ಇನ್ನೂ ಇವೆ. ವಿಳಾಸದ ದಾಖಲೆ ಇಲ್ಲ ಎಂಬ ಕಾರಣಕ್ಕೆ ನೋಂದಣಿಯನ್ನು ನಿರಾಕರಿಸುವಂತಿಲ್ಲ. ಹೆಚ್ಚಿನ ವೀಸಾಗಳ ಜೊತೆಗೆ ದೊಡ್ಡವರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತೀರಿ. ಅದರಲ್ಲಿ ಮನಸ್ಸಿನ ಚಿಕಿತ್ಸೆಯೂ ಸೇರಿದೆ.

ಎರಡು ಭಯಗಳನ್ನು ಇಲ್ಲೇ ಕಳೆದುಬಿಡೋಣ. ಖಿನ್ನತೆಗೋ ಆತಂಕಕ್ಕೋ ಚಿಕಿತ್ಸೆ ಪಡೆದರೆಂದು ವೀಸಾ ರದ್ದಾಗುವುದಿಲ್ಲ. ಜಿಪಿ ಆ ವಿಷಯವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಕಂಪನಿಗೆ ತಿಳಿಸುವುದೂ ಇಲ್ಲ. ಏಳು ದಿನಗಳವರೆಗಿನ ಅನಾರೋಗ್ಯದ ರಜೆಗೆ ವೈದ್ಯರ ಚೀಟಿಯೇ ಬೇಡ. ಅದಕ್ಕಿಂತ ಹೆಚ್ಚಾದರೆ ಜಿಪಿ ‘ಫಿಟ್ ನೋಟ್’ ಕೊಡುತ್ತಾರೆ. ಜ್ವರಕ್ಕಿರುವ ನಿಯಮವೇ ಮನಸ್ಸಿನ ಕಾಯಿಲೆಗೂ.

ಜಿಪಿ ಭೇಟಿ ಹತ್ತು ನಿಮಿಷದ್ದು. ಊರಿನ ಡಾಕ್ಟರ ಮುಂದೆ ಕುಳಿತಂತೆ ತಲೆನೋವಿನಿಂದ ಶುರು ಮಾಡಿ ನಿಧಾನವಾಗಿ ವಿಷಯಕ್ಕೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಅಳು ಬರುತ್ತದೆಯೇ, ಎಷ್ಟು ವಾರಗಳಿಂದ ಹೀಗೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಥೈರಾಯ್ಡ್, ಬಿ12, ಕಬ್ಬಿಣದ ಅಂಶದ ರಕ್ತಪರೀಕ್ಷೆಯನ್ನೂ ಕೇಳಿ; ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದರ ಸುಸ್ತು ಖಿನ್ನತೆಯ ಹಾಗೆಯೇ ಕಾಣುತ್ತದೆ. ಊರಿನಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಹಳೆಯ ಚೀಟಿ ತಂದಿರಲಿ, ಹೊಸ ಊರೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ.

ಆಪ್ತಸಮಾಲೋಚನೆಗೆ ಜಿಪಿ ಚೀಟಿಯೂ ಬೇಕಿಲ್ಲ. ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್ ನಡೆಸುವ ‘ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್’ ಸೇವೆಗೆ ದೊಡ್ಡವರು ಯಾರು ಬೇಕಾದರೂ ನೇರವಾಗಿ ಅರ್ಜಿ ಹಾಕಬಹುದು. ಕಾಯುವ ಅವಧಿ ಊರಿಂದೂರಿಗೆ ಬೇರೆ, ಹಾಗಾಗಿ ತೀರಾ ಹದಗೆಡುವ ತನಕ ಅರ್ಜಿಯನ್ನು ಮುಂದೂಡಬೇಡಿ. ಇಂಗ್ಲಿಷ್ ಸರಾಗವಿಲ್ಲದಿದ್ದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ಹೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಹತ್ತು ವರ್ಷದ ಮಗನನ್ನು ಕೂರಿಸಿಕೊಂಡು ಅಮ್ಮನ ಸಂಕಟವನ್ನು ಇಂಗ್ಲಿಷಿನಲ್ಲಿ ಹೇಳಿಸುವುದು ಖಂಡಿತ ಬೇಡ. ಇಲ್ಲಿನ ಕನ್ನಡಿಗರಿಗೆ ಗೊತ್ತಾದೀತು ಎಂಬ ಅಳುಕಿದ್ದರೆ ದೂರದ ಊರಿನ ದುಭಾಷಿ ಫೋನಿನಲ್ಲಿ ಸಿಗಬಹುದೇ ಎಂದು ಕೇಳಿ. ಆ ಅಳುಕು ಸುಳ್ಳೆಂದು ನಾವು ಹೇಳುವುದಿಲ್ಲ. ನಮ್ಮ ಸಮುದಾಯ ಚಿಕ್ಕದು, ಬಾಯಿ ದೊಡ್ಡದು.

ಚಿಕ್ಕ ಮಕ್ಕಳು

ಮನೆಯಲ್ಲಿ ವಟವಟ ಎನ್ನುವ ಮಗು ಶಾಲೆಯಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತೇ ಆಡದಿರುವುದುಂಟು. ಹೊಸ ಭಾಷೆಯನ್ನು ಕಿವಿಯಲ್ಲಿ ತುಂಬಿಕೊಳ್ಳುವ ಈ ಕಾಲ ಸಾಮಾನ್ಯವಾಗಿ ತಾನಾಗಿ ಕಳೆಯುತ್ತದೆ. ‘ಮಾತಾಡು, ಮಾತಾಡು’ ಎಂದು ಒತ್ತಾಯಿಸಿದರೆ ಇನ್ನಷ್ಟು ಮುದುಡುತ್ತದೆ. ಇಂಗ್ಲಿಷ್ ಬೇಗ ಬರಲಿ ಎಂದು ಮನೆಯಲ್ಲಿ ಕನ್ನಡ ನಿಲ್ಲಿಸುವ ಅಗತ್ಯವಿಲ್ಲ, ಯಾರೇ ಹಾಗೆ ಸಲಹೆ ಕೊಟ್ಟರೂ. ಭಯವಾಯಿತು, ಯಾರೋ ತಳ್ಳಿದರು ಎಂದು ಹೇಳಿಕೊಳ್ಳಲು ಮಗುವಿಗಿರುವುದು ಸದ್ಯಕ್ಕೆ ಅದೊಂದೇ ಭಾಷೆ.

ಗಮನಿಸಬೇಕಾದದ್ದು ಬೇರೆ ಇದೆ: ಮನೆಯಲ್ಲೂ ಮಾತು ಕಡಿಮೆಯಾಗುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಆಗ ತರಗತಿಯ ಶಿಕ್ಷಕರನ್ನು ಕಂಡು ಮಾತನಾಡಿ. ಊಟದ ಡಬ್ಬಿ ತೆರೆದಾಗ ಮೂಗು ಮುಚ್ಚುವ ಮಕ್ಕಳಿದ್ದಾರೆಯೇ, ಹೆಸರನ್ನು ಆಡಿಕೊಳ್ಳುತ್ತಾರೆಯೇ ಎಂದು ಕೇಳಿ. ಇವು ಚಿಕ್ಕ ವಿಷಯಗಳೆಂದು ಸಂಕೋಚಪಡಬೇಡಿ. ಮಕ್ಕಳನ್ನು ಪೀಡಿಸುವುದನ್ನು ತಡೆಯುವ ಲಿಖಿತ ನೀತಿ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಇರಲೇಬೇಕು.

ಹದಿಹರೆಯ

ಬರಲು ಅತ್ಯಂತ ಕಷ್ಟದ ವಯಸ್ಸು ಹದಿಮೂರರಿಂದ ಹದಿನಾರು. ಗೆಳೆಯರನ್ನು ಬಿಟ್ಟು ಬರುವ ತೀರ್ಮಾನದಲ್ಲಿ ಅವರ ಮಾತು ನಡೆದಿರುವುದಿಲ್ಲ, ಬಂದ ಮೇಲೆ ‘ನಿನ್ನ ಭವಿಷ್ಯಕ್ಕಾಗಿಯೇ ಬಂದದ್ದು’ ಎಂಬ ಹೊರೆ ಬೇರೆ. ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ ಪರೀಕ್ಷೆಯ ಪಾಠಗಳು ಸಾಮಾನ್ಯವಾಗಿ ಇಯರ್ 10ರ (ಹದಿನಾಲ್ಕು ತುಂಬಿದವರ ತರಗತಿ) ಸೆಪ್ಟೆಂಬರಿನಲ್ಲಿ ಶುರುವಾಗಿ ಇಯರ್ 11ರ ಬೇಸಿಗೆಯ ಪರೀಕ್ಷೆಯಲ್ಲಿ ಮುಗಿಯುತ್ತವೆ. ನಡುವೆ ಬಂದು ಸೇರಿದ ಹುಡುಗ ಎಷ್ಟೇ ಜಾಣನಿದ್ದರೂ ತಡವರಿಸುತ್ತಾನೆ. ದಿನ ನಿಮ್ಮ ಕೈಯಲ್ಲಿದ್ದರೆ ಇಯರ್ 10 ಆರಂಭಕ್ಕೆ ಮೊದಲೇ ಕರೆತನ್ನಿ. ಇಲ್ಲವಾದರೆ ಮೊದಲ ವರ್ಷದ ಅಂಕಗಳನ್ನು ಬೆಂಗಳೂರಿನ ಅಂಕಗಳ ಪಕ್ಕದಲ್ಲಿಟ್ಟು ನೋಡಬೇಡಿ.

ಭಾರತದ ಗಡಿಯಾರ ಬೇಸಿಗೆಯಲ್ಲಿ ಇಲ್ಲಿಗಿಂತ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದೆ. ಮಗಳು ಶಾಲೆ ಬಿಟ್ಟು ಬರುವಾಗ ಮೈಸೂರಿನ ಗೆಳತಿಯರಿಗೆ ರಾತ್ರಿ ಊಟದ ಹೊತ್ತು. ಸಂಜೆಯೆಲ್ಲ ಫೋನ್ ಹಿಡಿದು ಕೂರುವ ಮಗಳಿಗೆ ಆ ಫೋನಿನಲ್ಲಿರುವುದು ತನ್ನ ಹಳೆಯ ಬದುಕು. ಕಿತ್ತಿಟ್ಟುಕೊಳ್ಳುವುದಕ್ಕಿಂತ ಇಲ್ಲೊಂದು ಕ್ರಿಕೆಟ್ ಕ್ಲಬ್ಬೋ ನೃತ್ಯದ ತರಗತಿಯೋ ಹುಡುಕಿಕೊಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಊಟ ಬಿಡುವುದು, ಇಡೀ ದಿನ ಕೋಣೆಯ ಬಾಗಿಲು ಹಾಕಿಕೊಂಡಿರುವುದು, ‘ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು’ ಎಂಬ ಮಾತು, ತನ್ನ ಮೈಗೆ ತಾನೇ ಗಾಯ ಮಾಡಿಕೊಂಡ ಗುರುತು: ಇವು ಕಂಡರೆ ಬೈಯಬೇಡಿ, ಪೂಜೆ ಮಾಡಿಸಿ ನೋಡೋಣ ಎಂದು ವಾರ ಕಳೆಯಲೂ ಬೇಡಿ. ಸಾಯಬೇಕು ಅನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಶಾಲೆಗೂ ಜಿಪಿಗೂ ಅದೇ ದಿನ ತಿಳಿಸಿ. ಮಕ್ಕಳ ಮಾನಸಿಕ ಆರೋಗ್ಯ ಸೇವೆಯ ಸರದಿ ಉದ್ದವಿದೆ, ಕಾಯುವ ಹೊತ್ತಿನಲ್ಲಿ ಏನು ಮಾಡಬೇಕೆಂದು ಪಟ್ಟು ಹಿಡಿದು ಕೇಳಿ. ವೈದ್ಯರು ಮಗುವಿನ ಜೊತೆ ಒಂಟಿಯಾಗಿ ಮಾತನಾಡಬೇಕೆಂದರೆ ಹೊರಗೆ ಕೂರಿ. ಮಕ್ಕಳೇ ನೇರವಾಗಿ ಕರೆ ಮಾಡಬಹುದಾದ ‘ಚೈಲ್ಡ್‌ಲೈನ್’ ಸಂಖ್ಯೆ 0800 1111. ಉಚಿತ, ಫೋನ್ ಬಿಲ್ಲಿನಲ್ಲಿ ಕಾಣುವುದಿಲ್ಲ.

ಜೊತೆಗೆ ಬಂದವರು, ಬಾಣಂತಿಯರು

ಡಿಪೆಂಡೆಂಟ್ ವೀಸಾದಲ್ಲಿ ಬಂದ ಹೆಂಡತಿ ಊರಿನಲ್ಲಿ ಎಂಜಿನಿಯರೋ ಉಪನ್ಯಾಸಕಿಯೋ ಆಗಿದ್ದವಳು. ಇಲ್ಲಿ ಸ್ವಂತ ಖಾತೆ ಇಲ್ಲ, ಕಾರಿಲ್ಲ, ‘ಏನು ಕೆಲಸ ಮಾಡುತ್ತೀರಿ’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರ ಸಂಗಾತಿಗೆ ಕೆಲಸ ಮಾಡುವ ಅನುಮತಿ ಇದೆ, ಕೆಲಸ ಸಿಗಲು ಸಮಯ ಬೇಕು. ಆ ನಡುವಿನ ಕಾಲಕ್ಕೆ ಸಿದ್ಧತೆ ಮಾಡಿಕೊಳ್ಳಿ. ಇಬ್ಬರ ಹೆಸರಿನಲ್ಲೂ ಬ್ಯಾಂಕ್ ಖಾತೆ ಇರಲಿ. ಭಾರತದ ಚಾಲನಾ ಪರವಾನಗಿಯಿಂದ ಹನ್ನೆರಡು ತಿಂಗಳು ಇಲ್ಲಿ ಕಾರು ಓಡಿಸಬಹುದು. ಅಷ್ಟರೊಳಗೆ ಇಲ್ಲಿನ ಪರೀಕ್ಷೆ ಮುಗಿಸಿಕೊಂಡರೆ ಯಾರಿಗೂ ಕಾಯದೆ ಹೊರಗೆ ಹೋಗಬಹುದು. ಪುಟ್ಟ ಮಗು ಇದ್ದರೆ ಗ್ರಂಥಾಲಯದ ಕಥೆ–ಹಾಡಿನ ಗುಂಪಿಗೆ ಹೋಗಿ, ಅಲ್ಲಿ ಬರುವ ತಾಯಂದಿರಲ್ಲಿ ಅರ್ಧದಷ್ಟು ಜನ ನಿಮ್ಮಂತೆಯೇ ಗೆಳತಿಯರಿಗಾಗಿ ಹುಡುಕುತ್ತಿರುತ್ತಾರೆ.

ಬಾಣಂತನದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಊರಿನಲ್ಲಾಗಿದ್ದರೆ ತವರಿನಲ್ಲಿ ಎಣ್ಣೆನೀರು, ಮೆಣಸಿನ ಸಾರು, ಮಗುವನ್ನು ಎತ್ತಿಕೊಳ್ಳಲು ನಾಲ್ಕು ಕೈ. ಇಲ್ಲಿ ಹೆರಿಗೆಯಾದ ಮರುದಿನವೇ ಮನೆಗೆ ಕಳಿಸುವುದುಂಟು, ಗಂಡನ ಪಿತೃತ್ವ ರಜೆ ಶಾಸನದ ಪ್ರಕಾರ ಎರಡೇ ವಾರ. ಅಮ್ಮನ ವಿಸಿಟರ್ ವೀಸಾಕ್ಕೆ ಐದು–ಆರನೆಯ ತಿಂಗಳಲ್ಲೇ ಸಿದ್ಧತೆ ಶುರು ಮಾಡಿ. ಬರಲಾಗದಿದ್ದರೆ ಸಂಘಕ್ಕೆ ತಿಳಿಸಿ, ಸರದಿಯಂತೆ ಊಟ ಕಳಿಸುವ ಮನೆಗಳಿವೆ.

ಹೆರಿಗೆಯಾದ ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಮಗುವಿನ ಮುಖ ನೋಡಲು ಮನಸ್ಸಿಲ್ಲ, ಮಗು ಮಲಗಿದರೂ ನಿದ್ದೆಯಿಲ್ಲ, ನಾನು ತಾಯಿಯಾಗಲು ಲಾಯಕ್ಕಿಲ್ಲ ಎನಿಸುತ್ತಿದ್ದರೆ ಅದು ಬಾಣಂತಿ ಖಿನ್ನತೆ ಇರಬಹುದು. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ತಾಯಂದಿರನ್ನು ಕಾಡುವ ಕಾಯಿಲೆ ಇದು. ಮನೆಗೆ ಬರುವ ಹೆಲ್ತ್ ವಿಸಿಟರ್ (ತಾಯಿ–ಮಗುವನ್ನು ನೋಡಿಕೊಳ್ಳುವ ನರ್ಸ್) ‘ನೀವು ಹೇಗಿದ್ದೀರಿ’ ಎಂದು ಕೇಳಿದಾಗ ಅತ್ತೆಯ ಮುಂದೆ ‘ಚೆನ್ನಾಗಿದ್ದೇನೆ’ ಎನ್ನುವವರೇ ಹೆಚ್ಚು. ಹೇಳಿದರೆ ಮಗುವನ್ನು ಸರ್ಕಾರದವರು ಎತ್ತಿಕೊಂಡು ಹೋಗುತ್ತಾರೆ ಎಂಬ ವಾಟ್ಸ್ಆ್ಯಪ್ ಕಥೆಗಳನ್ನು ನಂಬಬೇಡಿ. ಖಿನ್ನತೆ ಇದೆ ಎಂದ ಮಾತ್ರಕ್ಕೆ ಹಾಗೆ ಮಾಡುವುದಿಲ್ಲ. ಅಮ್ಮಂದಿರೇ, ಅತ್ತೆಯವರೇ, ಆ ಹೊತ್ತು ಮಗುವನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ, ಮಗಳು ಒಂಟಿಯಾಗಿ ಮಾತನಾಡಲಿ. ಬಾಣಂತಿ ನಿದ್ದೆಯಿಲ್ಲದೆ ಅಸಂಬದ್ಧವಾಗಿ ಮಾತನಾಡಿದರೆ, ಇಲ್ಲದ್ದು ಕಾಣುತ್ತದೆ ಕೇಳುತ್ತದೆ ಎಂದರೆ ಅದು ತುರ್ತು. ಅಂದೇ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಹೊಡೆತ, ಬೆದರಿಕೆ, ಪಾಸ್‌ಪೋರ್ಟ್ ಬಚ್ಚಿಡುವುದು ನಡೆಯುತ್ತಿದ್ದರೆ 0800 2000 247ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ. ಗಂಡನ ವೀಸಾ ಮೇಲೆ ಬಂದವರಿಗೂ ನೆರವಿನ ದಾರಿಗಳಿವೆ.

ದುಡಿಯುವವರು

ಸ್ಪಾನ್ಸರ್ ಮಾಡಿದ ಕಂಪನಿ ಕೆಲಸದಿಂದ ತೆಗೆದರೆ ವೀಸಾವನ್ನು ಸಾಮಾನ್ಯವಾಗಿ 60 ದಿನಕ್ಕೆ ಮೊಟಕುಗೊಳಿಸುತ್ತಾರೆ. ಮಕ್ಕಳ ಶಾಲೆ, ಮನೆಯ ಕರಾರು, ಊರಿನ ಸಾಲ ಎಲ್ಲವೂ ಆ ಒಂದು ಕೆಲಸಕ್ಕೆ ತೂಗುಬಿದ್ದಿರುವಾಗ ಮನುಷ್ಯ ಬೈಗುಳವನ್ನೂ ನುಂಗುತ್ತಾನೆ, ರಜೆಯನ್ನೂ ಬಿಡುತ್ತಾನೆ. ಗಂಡಸರು ಇದನ್ನು ಹೇಳಿಕೊಳ್ಳುವುದು ಅಪರೂಪ. ಎದೆಯುರಿ, ಮುಂಗೋಪ, ವಾರಾಂತ್ಯಕ್ಕಿದ್ದ ಕುಡಿತ ವಾರದ ದಿನಗಳಿಗೂ ಹಬ್ಬುವುದು, ಊರಿನ ಫೋನ್ ಎತ್ತದಿರುವುದು: ಹೊರಗೆ ಕಾಣುವುದು ಇಷ್ಟೇ. ಕೆಲಸದ ಕಷ್ಟ ಹೆಂಡತಿಗೆ ಗೊತ್ತಿರಲಿ. ಅರವತ್ತನೆಯ ದಿನ ಹತ್ತಿರವಾದಾಗ ಮಾತ್ರ ಮನೆಯಲ್ಲಿ ಸುದ್ದಿ ಒಡೆದ ಸಂಸಾರಗಳ ಪಾಡನ್ನು ಕಂಡಿದ್ದೇವೆ. ಮನೆ ಅಡವಿಟ್ಟು ಓದಲು ಬಂದ ವಿದ್ಯಾರ್ಥಿಗಳದೂ ಇದೇ ಸ್ಥಿತಿ, ಜೊತೆಗೆ ಒಂಟಿತನ. ಅವರಿಗೆ ವಿಶ್ವವಿದ್ಯಾಲಯಗಳಲ್ಲೇ ಆಪ್ತಸಮಾಲೋಚಕರಿರುತ್ತಾರೆ.

ಹಿರಿಯರು: ಬಂದವರು, ಊರಿನಲ್ಲೇ ಉಳಿದವರು

ವಿಸಿಟರ್ ವೀಸಾದಲ್ಲಿ ಅಪ್ಪ ಅಮ್ಮ ಒಂದು ಬಾರಿಗೆ ಆರು ತಿಂಗಳವರೆಗೆ ಇರಬಹುದು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಡಿಸೆಂಬರಿನಲ್ಲಿ ಲಂಡನ್ನಿನಲ್ಲೇ ನಾಲ್ಕಕ್ಕೆ ಮೊದಲು ಸೂರ್ಯ ಮುಳುಗುತ್ತಾನೆ, ಹಗಲು ಎಂಟು ಗಂಟೆಯೂ ಇಲ್ಲ. ಬೆಳಗ್ಗೆ ವಾಕಿಂಗ್ ಮುಗಿಸಿ ದರ್ಶಿನಿಯಲ್ಲಿ ಕಾಫಿ ಕುಡಿದು ನಾಲ್ಕು ಜನರ ಜೊತೆ ಮಾತಾಡಿ ಮನೆಗೆ ಬರುತ್ತಿದ್ದ ಅಪ್ಪನನ್ನು ಆ ಕತ್ತಲಲ್ಲಿ ಟಿವಿ ಮುಂದೆ ಕೂರಿಸಿದರೆ ಸೆರೆಮನೆ ಎನಿಸದೆ ಇರುವುದಿಲ್ಲ. ಬಸ್ಸಿನಲ್ಲಿ ಒಬ್ಬರೇ ದೇವಸ್ಥಾನಕ್ಕೋ ಗ್ರಂಥಾಲಯಕ್ಕೋ ಹೋಗಿಬರುವ ದಾರಿಯನ್ನು ಮೊದಲ ವಾರವೇ ಕಲಿಸಿ. ಅವರಿಗೆ ಪ್ರವಾಸ ವಿಮೆ ಮಾಡಿಸಿಕೊಂಡೇ ಬನ್ನಿ: ಆಸ್ಪತ್ರೆಗೆ ದಾಖಲಾದರೆ ಸಂದರ್ಶಕರಿಗೆ ಶುಲ್ಕವಿದೆ, ಚಿಕ್ಕದಲ್ಲ.

ಇದ್ದಕ್ಕಿದ್ದಂತೆ ಅಮ್ಮನಿಗೆ ದಿಕ್ಕು ತಪ್ಪಿದಂತಾದರೆ, ಹಗಲು ರಾತ್ರಿ ಗೊತ್ತಾಗದಿದ್ದರೆ, ‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಾಗಬೇಡಿ. ಮೂತ್ರದ ಸೋಂಕು, ಉಪ್ಪಿನ ಅಂಶದ ಏರುಪೇರು, ಮಾತ್ರೆಯ ವ್ಯತ್ಯಾಸದಿಂದಲೂ ಹಿರಿಯರಿಗೆ ಹೀಗಾಗುತ್ತದೆ, ಚಿಕಿತ್ಸೆಯಿಂದ ಸರಿಹೋಗುತ್ತದೆ.

ಊರಿನಲ್ಲಿ ಉಳಿದ ಹೆತ್ತವರ ಒಂಟಿತನ ಇಲ್ಲಿರುವ ಮಕ್ಕಳ ಎದೆಯಲ್ಲಿ ಅಪರಾಧಿ ಭಾವವಾಗಿ ಕೂರುತ್ತದೆ. ಅವರಿಗೆ 14416 ಸಂಖ್ಯೆಯನ್ನು ಕೊಟ್ಟಿರಿ. ಇದು ಭಾರತ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮನಸ್’ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತನಾಡಬಹುದು.

ಊರಿನಿಂದ ಸಾವಿನ ಸುದ್ದಿ ಬಂದಾಗ ವಿಮಾನ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಚಿತೆಗೆ ಬೆಂಕಿ ಇಡುವುದನ್ನು ಫೋನಿನಲ್ಲಿ ನೋಡಿ, ಮಧ್ಯಾಹ್ನ ಆಫೀಸಿನ ಮೀಟಿಂಗಿಗೆ ಕುಳಿತವರು ನಮ್ಮ ನಡುವೆ ಇದ್ದಾರೆ. ದುಃಖಕ್ಕೆ ಕೂರಲು ಜಾಗವೇ ಸಿಗದಿದ್ದರೆ ಅದು ತಿಂಗಳುಗಳ ನಂತರ ಬೇರೆ ರೂಪದಲ್ಲಿ ಬರುತ್ತದೆ. ರಜೆ ಕೇಳಿ. ಹೋಗಲು ಸಾಧ್ಯವಿದ್ದರೆ ತಡವಾದರೂ ಹೋಗಿ, ಹನ್ನೊಂದನೆಯ ದಿನಕ್ಕಾದರೂ ಸರಿ. ಹೋಗಲಾಗದಿದ್ದರೆ ಸಂಘಕ್ಕೆ ತಿಳಿಸಿ, ನಾಲ್ಕು ಜನ ಮನೆಗೆ ಬಂದು ಕೂರುತ್ತೇವೆ. ತೀರಿಕೊಂಡವರನ್ನು ನೋಡಿರದ ನಾವು ಆಡುವ ಸಾಂತ್ವನದ ಮಾತು ಅಷ್ಟಕ್ಕಷ್ಟೇ, ಆದರೆ ಆ ರಾತ್ರಿ ಮನೆಯಲ್ಲಿ ಒಲೆ ಹಚ್ಚುವವರು ಬೇಕು.

ತುರ್ತು ಸಂಖ್ಯೆಗಳು

ಜೀವಕ್ಕೆ ಅಪಾಯವಿದ್ದರೆ 999, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ (ಎ ಆ್ಯಂಡ್ ಇ). ಮನಸ್ಸು ತೀರಾ ಕೈಮೀರಿದಾಗ 111ಕ್ಕೆ ಕರೆ ಮಾಡಿ, ಮಾನಸಿಕ ಆರೋಗ್ಯದ ಆಯ್ಕೆಗೆ 2 ಒತ್ತಿ. ಇಪ್ಪತ್ನಾಲ್ಕು ಗಂಟೆಯೂ ಇದೆ. ಯಾರ ಜೊತೆಗಾದರೂ ಮಾತನಾಡಬೇಕು ಎನಿಸಿದರೆ ಸಮಾರಿಟನ್ಸ್ ಸಹಾಯವಾಣಿ, 116 123. ಇಷ್ಟನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ, ಹಿರಿಯರಿಗೂ ಓದಲು ಬರುವಂತೆ.

ಸಂಘದ ಸ್ವಯಂಸೇವಕರು ವೈದ್ಯರಲ್ಲ. ನೋಂದಣಿಯ ಅರ್ಜಿ ತುಂಬಲು, ಶಾಲೆಗೆ ಜೊತೆಯಾಗಿ ಬರಲು, ಬಾಣಂತಿಗೆ ಊಟ ತಲುಪಿಸಲು, ಹಿರಿಯರನ್ನು ದೇವಸ್ಥಾನಕ್ಕೆ ಕರೆದೊಯ್ಯಲು ಸಿಗುತ್ತೇವೆ. ಸದಸ್ಯತ್ವ ಇಲ್ಲದವರೂ ಕರೆ ಮಾಡಬಹುದು. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಕಾಗಿಲ್ಲ.