ಅಟ್ಟದ ಕೊಡಲಿಯ ಅಡ್ರೆಸ್ ಹುಡುಕುವುದು ಹೀಗೆ

ಹಳೆಯ ಕೊಡಲಿ ಕೈಗೆ ಸಿಕ್ಕಿದರೆ ಮೊದಲು ಅದನ್ನು ಗ್ರೈಂಡರಿನಿಂದ ದೂರವಿಡಿ. ಸಕಲೇಶಪುರದ ಬಳಿಯ ನಮ್ಮ ತೋಟದ ಮನೆಯ ಅಟ್ಟದಲ್ಲಿ ಎರಡು ಸಿಕ್ಕಿದ್ದವು. ಒಂದನ್ನು ವೆಲ್ಡಿಂಗ್ ಅಂಗಡಿಗೆ ಕೊಟ್ಟೆ. ಕನ್ನಡಿಯ ಹಾಗೆ ಹೊಳೆಯುತ್ತ ಬಂತು. ತಯಾರಕರು ಒತ್ತಿದ ಅಚ್ಚು ಮಾತ್ರ ಕಿಡಿಗಳ ಜೊತೆ ಹಾರಿಹೋಗಿತ್ತು.

ಇನ್ನೊಂದನ್ನು ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ. ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜಿ, ತೊಳೆದು, ಒಣಗಿಸಿ, ಸಪಾಟಾದ ಮೈಮೇಲೆ ಸೀಮೆಸುಣ್ಣ ತಿಕ್ಕಿದೆ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಹಿಡಿದಾಗ ಇಂಗ್ಲಿಷಿನ ಡಬ್ಲ್ಯೂ, ಎಚ್, ಎಸ್ ಎಂಬ ಮೂರು ಅಕ್ಷರಗಳು ಎದ್ದವು. ಫೋಟೊ ತೆಗೆದ ಮೇಲೆಯೇ ಎಣ್ಣೆ ಸವರಿ. ಆದರೆ ಸವರದೆ ಬಿಡಬೇಡಿ, ನಮ್ಮ ಮಳೆಗಾಲದ ಗಾಳಿಗೆ ಸಂಜೆಯೊಳಗೆ ತುಕ್ಕು ಹತ್ತುತ್ತದೆ.

ಯಾರೋ ಹಳೆಯ ದೊರೆಯ ಹೆಸರಿನ ಮೊದಲಕ್ಷರಗಳಿರಬೇಕೆಂದು ಎರಡು ದಿನ ನಂಬಿದ್ದೆ. ಕೆಳಗೆ ಸವೆದುಹೋಗಿದ್ದ ‘ಬ್ರೇಡ್ಸ್’ ಎಂಬ ಪದ ಓದಿದ ಮೇಲೆ ಗಂಟು ಬಿಚ್ಚಿತು: ವಿಲಿಯಂ ಹಂಟ್ ಅಂಡ್ ಸನ್ಸ್, ಬರ್ಮಿಂಗ್‌ಹ್ಯಾಮ್ ಸಮೀಪದ ಓಲ್ಡ್‌ಬರಿಯ ಬ್ರೇಡ್ಸ್ ಕಾರ್ಖಾನೆಯವರು. ಬ್ರಿಟನ್ನಿನ ಹಳೆಯ ಕಂಪನಿಗಳ ವಿವರ ‘ಗ್ರೇಸಸ್ ಗೈಡ್’ ಜಾಲತಾಣದಲ್ಲಿ ಸಿಗುತ್ತದೆ. ಅಲ್ಲಿ ಕಂಪನಿಯ ಹೆಸರು ಯಾವಾಗ ಬದಲಾಯಿತು ಎಂಬುದನ್ನು ಮೊದಲು ನೋಡಿ, ಕಾಲ ತಿಳಿಯುವುದು ಅದರಿಂದಲೇ. ಐವತ್ತರ ದಶಕದಲ್ಲಿ ಇವರು ನ್ಯಾಶ್ ಟೈಜ್ಯಾಕ್ ಎಂಬ ಕಂಪನಿಯ ಜೊತೆ ಸೇರಿದರು. ನನ್ನ ಕೊಡಲಿಯಲ್ಲಿ ಆ ಹೆಸರಿಲ್ಲ, ಹಾಗಾಗಿ ಅದಕ್ಕೂ ಹಿಂದಿನದು ಎಂದು ನನ್ನ ಲೆಕ್ಕ.

ಅಂಕಿ ಕಂಡರೆ ಇಸವಿ ಎಂದು ಹಿಗ್ಗಬೇಡಿ. 4 ಎಂದಿದ್ದರೆ ಅದು ಸಾಮಾನ್ಯವಾಗಿ ಪೌಂಡ್ ತೂಕ, ಸುಮಾರು 1.8 ಕಿಲೊ, ತಕ್ಕಡಿಗೆ ಹಾಕಿ, ಸವೆದದ್ದನ್ನು ಸೇರಿಸಿ ನೋಡಿ. ಮೂರು ಗೆರೆಯ ಬಾಣದ ಗುರುತು ಇದ್ದರೆ ಬ್ರಿಟಿಷ್ ಸರಕಾರದ ಸ್ವತ್ತಾಗಿತ್ತು ಎಂದರ್ಥ. ಕಾವನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ. ಕುಲಕ್ಕೆ ಸಾವು ತರುವ ಆ ಕಾವು ಮುರಿದಾಗಲೆಲ್ಲ ಹೊಸದಾಗಿರುತ್ತದೆ.

ಅಚ್ಚೇ ಇಲ್ಲವೆ? ಬಾಯಿಯ ಹತ್ತಿರ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಅಂಚು ಕಪ್ಪಾಗಿ, ಮೇಲಿನ ಭಾಗ ತಿಳಿಬಣ್ಣದಲ್ಲಿ ಉಳಿದು ನಡುವೆ ಗೆರೆ ಮೂಡಿದರೆ ಮೆದು ಕಬ್ಬಿಣಕ್ಕೆ ಉಕ್ಕಿನ ಬಾಯಿ ಬೆಸೆದಿರಬಹುದು. ಅಂಥದ್ದನ್ನು ಊರಿನ ಕುಲುಮೆಯಲ್ಲೂ ಮಾಡುತ್ತಿದ್ದರು. ಆಗ ಇಂಟರ್ನೆಟ್ ಬಿಟ್ಟು ಹಳೆಯ ಕಮ್ಮಾರರ ಮನೆಗೆ ಒಯ್ಯಿರಿ. ಗ್ರೈಂಡರಿಗೆ ಬಲಿಯಾದ ನನ್ನ ಮೊದಲ ಕೊಡಲಿಯಲ್ಲೂ ಅಂಥ ಗೆರೆ ಮೂಡಿತು. ನಾಳೆ ಅದನ್ನು ಕುಲುಮೆಗೆ ಒಯ್ಯುತ್ತಿದ್ದೇನೆ.