ಸೋಲಾರ್ ಪ್ಯಾನೆಲ್‌ಗೆ ಪೆಟ್ಟಾಗದಂತೆ ವಿದ್ಯುತ್ ಪರೀಕ್ಷೆ ಮಾಡುವುದು ಹೇಗೆ?

ಬಿಸಿಲಿರುವಷ್ಟು ಹೊತ್ತು ಸೋಲಾರ್ ಪ್ಯಾನೆಲ್ ಆಫ್ ಆಗುವುದಿಲ್ಲ. ಇನ್ವರ್ಟರ್ ನಿಲ್ಲಿಸಿದರೂ ತಂತಿಯ ತುದಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. 550 ವ್ಯಾಟಿನ ಪ್ಯಾನೆಲ್ ಒಂದರಲ್ಲಿ ಸುಮಾರು 50 ವೋಲ್ಟ್. ಹದಿನೈದನ್ನು ಸರಣಿಯಲ್ಲಿ ಜೋಡಿಸಿದರೆ 750.

ಬಿಡಿಸುವ ಮುನ್ನ: ಇನ್ವರ್ಟರ್ ನಿಲ್ಲಿಸಿ, ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸಂಪರ್ಕ ಕಡಿಯುವ ಸ್ವಿಚ್) ಆಫ್ ಮಾಡಿ, ತಂತಿಯನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ ಸೊನ್ನೆ ಎಂದು ಕಂಡ ಮೇಲಷ್ಟೇ ಕನೆಕ್ಟರ್‌ಗೆ ಕೈ ಹಾಕಿ. ಕ್ಲ್ಯಾಂಪ್ ಡಿಸಿ ಅಳೆಯುವಂಥದ್ದೇ ಆಗಿರಬೇಕು. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್, 10 ಆಂಪಿಯರ್ ಡಿಸಿ ಹರಿಯುತ್ತಿದ್ದರೂ ಸೊನ್ನೆಯನ್ನೇ ತೋರಿಸುತ್ತದೆ! 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ ಕಿಡಿ ಬೇಗ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ. ಕರೆಂಟ್ ಹರಿಯುವಾಗ ಎಂಸಿ4 (ಪ್ಯಾನೆಲ್ ತಂತಿಗಳ ಕನೆಕ್ಟರ್) ಎಳೆದರೆ ಕಿಡಿ ಉದ್ದಕ್ಕೆ ಹಿಗ್ಗಿ ಪಿನ್ನನ್ನೂ ಪ್ಲಾಸ್ಟಿಕ್ಕನ್ನೂ ಸುಡುತ್ತದೆ.

ವೋಲ್ಟೇಜ್: 1000 ವೋಲ್ಟ್, ಕ್ಯಾಟ್ 3 ಸುರಕ್ಷತಾ ದರ್ಜೆಯ ಮೀಟರ್ ಬಳಸಿ. ಕೆಂಪು ಪ್ರೋಬ್ ಆಂಪಿಯರ್ ಸಾಕೆಟ್‌ನಲ್ಲಿ ಉಳಿದಿದೆಯೇ ನೋಡಿ. ಉಳಿದಿದ್ದರೆ ಮುಟ್ಟಿಸಿದ ಕೂಡಲೇ ಶಾರ್ಟ್. ಪ್ರೋಬಿನ ಮೊನೆಯನ್ನು ಎಂಸಿ4 ಒಳಗೆ ತುರುಕುವುದು ಎಲ್ಲೆಡೆ ಇರುವ ಕೆಟ್ಟ ಅಭ್ಯಾಸ. ಒಳಗಿನ ಸ್ಪ್ರಿಂಗ್ ಅಗಲವಾಗಿ ಹಿಡಿತ ಸಡಿಲುತ್ತದೆ, ಸಡಿಲಾದಲ್ಲಿ ಪ್ರತಿರೋಧ ಹೆಚ್ಚುತ್ತದೆ, ತಿಂಗಳುಗಳ ನಂತರ ಆ ಜೋಡಣೆ ಬಿಸಿಯಾಗಿ ಕರಗುತ್ತದೆ. ಅದೇ ಕಂಪನಿಯ ಕನೆಕ್ಟರ್ ಹಾಕಿದ ಟೆಸ್ಟ್ ಲೀಡ್ ಮಾಡಿಟ್ಟುಕೊಳ್ಳಿ.

ಶಾರ್ಟ್ ಸರ್ಕ್ಯೂಟ್ ಕರೆಂಟ್: ಎರಡು ತಂತಿ ಮುಟ್ಟಿಸಿ ನೋಡುವುದು ಬೇಡ. ಆ ವೋಲ್ಟೇಜಿಗೆ ತಕ್ಕ ಡಿಸಿ ಸ್ವಿಚ್ ಅಥವಾ ಐ-ವಿ ಟೆಸ್ಟರ್ (ಕರೆಂಟ್-ವೋಲ್ಟೇಜ್ ಅಳೆಯುವ ಉಪಕರಣ) ಮೂಲಕವೇ ಶಾರ್ಟ್ ಮಾಡಿ, ಅದರಿಂದಲೇ ಬಿಡಿಸಿ. ಆ ಹೊತ್ತಿನಲ್ಲಿ ನಿಮ್ಮ ನೆರಳು ಪ್ಯಾನೆಲ್ ಮೇಲೆ ಬೀಳದಿರಲಿ. ನೆರಳಿಗೆ ಸಿಕ್ಕ ಸೆಲ್, ತನ್ನ ಗುಂಪಿನ ಉಳಿದ ಸೆಲ್‌ಗಳ ಶಕ್ತಿಯನ್ನು ನುಂಗಿ ಕಾಯುತ್ತದೆ.

ಇನ್ಸುಲೇಷನ್: ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಅನ್ನು ಪ್ಲಸ್-ಮೈನಸ್ ನಡುವೆ ಹಚ್ಚಲೇಬಾರದು, ನೆರಳಾದ ಸೆಲ್‌ಗಳನ್ನು ಬಳಸಿ ಕರೆಂಟ್ ಸಾಗಿಸುವ ಬೈಪಾಸ್ ಡಯೋಡ್‌ಗಳು ಹಾಳಾಗಬಹುದು. ಪ್ರತಿ ಧ್ರುವವನ್ನೂ ಬೇರೆಬೇರೆಯಾಗಿ ಭೂಮಿಯೊಂದಿಗೆ ಅಳೆಯಿರಿ. ಸರಣಿಯ ವೋಲ್ಟೇಜ್ 120ರಿಂದ 500 ಇದ್ದರೆ ಮೆಗ್ಗರ್ 500ಕ್ಕೆ, 500 ಮೀರಿದರೆ 1000ಕ್ಕೆ ಇಡಿ. ಕನಿಷ್ಠ 1 ಮೆಗಾಓಮ್ ಬರಬೇಕು. ಅದಕ್ಕೂ ಮೊದಲು ಸರ್ಜ್ ಪ್ರೊಟೆಕ್ಟರ್ (ಹಠಾತ್ ವೋಲ್ಟೇಜ್ ಏರಿಕೆಯಿಂದ ಕಾಪಾಡುವ ಸಾಧನ) ಮತ್ತು ಇನ್ವರ್ಟರ್ ಎರಡನ್ನೂ ಬೇರ್ಪಡಿಸಿ. ಇಲ್ಲದಿದ್ದರೆ ಪ್ರೊಟೆಕ್ಟರ್ ಕರೆಂಟ್ ಹರಿಯಬಿಟ್ಟು ಸುಳ್ಳು ದೋಷ ತೋರಿಸಬಹುದು, ಇನ್ವರ್ಟರ್ ಕೆಡಬಹುದು.

ಗಾಜಿನ ಮೇಲೆ ಕಾಲಿಡುವುದಂತೂ ಯಾವ ಹಂತದಲ್ಲೂ ಇಲ್ಲ. ಗಾಜು ಒಡೆಯದಿದ್ದರೂ ಸೆಲ್‌ನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡಬಹುದು.

ಮರಳಿ ಜೋಡಿಸುವಾಗ ಕನೆಕ್ಟರ್ ಕ್ಲಿಕ್ ಎನ್ನುವವರೆಗೆ ಒತ್ತಿ, ಮೆಲ್ಲಗೆ ಎಳೆದು ನೋಡಿ. ಐಸೊಲೇಟರ್ ಆನ್ ಮಾಡುವ ಮುನ್ನ ಪ್ರತಿ ಸರಣಿಯ ಪ್ಲಸ್-ಮೈನಸ್ಸನ್ನು ಇನ್ನೊಮ್ಮೆ ಅಳೆಯಿರಿ. ಸಮಾಂತರವಾಗಿ ಜೋಡಿಸಿದ ಸರಣಿಗಳಲ್ಲಿ ಒಂದು ತಲೆಕೆಳಗಾಗಿದ್ದರೂ ಉಳಿದ ಸರಣಿಗಳ ಕರೆಂಟ್ ಅದರೊಳಗೆ ನುಗ್ಗುತ್ತದೆ.