ಸಮುವೇಲ ಎಂಬ ಹೆಸರಿನ ಅರ್ಥ ಮತ್ತು ಮೂಲವನ್ನು ಹುಡುಕುವ ಬಗೆ

ಮಗನಿಗೆ ಸಮುವೇಲ ಎಂದು ಹೆಸರಿಡಬೇಕೆಂದಿರುವವರು ಅದರ ಅರ್ಥವನ್ನು ಹುಡುಕಿದರೆ ‘ದೇವರು ಆಲಿಸಿದನು’, ‘ದೇವರಲ್ಲಿ ಬೇಡಿ ಪಡೆದವನು’, ‘ದೇವರ ಹೆಸರು’ ಎಂಬ ಮೂರು ಉತ್ತರಗಳು ಎದುರಾಗುತ್ತವೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ಹೀಬ್ರೂ ಭಾಷೆ ಬಾರದವರೂ ತಕ್ಕಮಟ್ಟಿಗೆ ತಾವೇ ಪರೀಕ್ಷಿಸಿ ನೋಡಬಹುದು.

ಮೊದಲು ಬೈಬಲಿನಲ್ಲಿ ಆ ಹೆಸರನ್ನು ಇಟ್ಟ ಸಂದರ್ಭವನ್ನು ಓದಬೇಕು. ಸಮುವೇಲನ ಮೊದಲನೆಯ ಗ್ರಂಥದ 1ನೆಯ ಅಧ್ಯಾಯದಲ್ಲಿ, ಮಕ್ಕಳಿಲ್ಲದ ಹನ್ನಳು ಶೀಲೋ ಎಂಬ ಊರಿನ ದೇವಾಲಯದಲ್ಲಿ ಕಣ್ಣೀರಿಟ್ಟು ಪ್ರಾರ್ಥಿಸುತ್ತಾಳೆ. ಮಗ ಹುಟ್ಟಿದ ಮೇಲೆ, ಯೆಹೋವನಲ್ಲಿ ಬೇಡಿ ಪಡೆದವನು ಇವನು ಎಂಬ ಕಾರಣವನ್ನು ಹೇಳಿ 20ನೆಯ ವಚನದಲ್ಲಿ ಹೆಸರಿಡುತ್ತಾಳೆ. ಎರಡನೆಯ ಉತ್ತರದ ಮೂಲ ಇದೇ.

ಅನಂತರ ಹೆಸರಿನ ಹೀಬ್ರೂ ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಳ್ಳಬೇಕು. ಈ ಹೆಸರಿನಲ್ಲಿ ಶೀನ್, ಮೇಮ್, ವಾವ್, ಆಲೆಫ್, ಲಾಮೆದ್ ಎಂಬ ಐದು ಅಕ್ಷರಗಳಿವೆ. ‘ಬೇಡು’ ಎಂಬ ಧಾತುವಿನಲ್ಲಿ ಇರುವುದು ಶೀನ್, ಆಲೆಫ್, ಲಾಮೆದ್ ಮಾತ್ರ; ನಡುವಿನ ಮೇಮ್ ಅಕ್ಷರಕ್ಕೆ ಅಲ್ಲಿ ಸ್ಥಾನವಿಲ್ಲ. ಆ ಧಾತುವಿನಿಂದ ನೇರವಾಗಿ ಹುಟ್ಟಿದ ಹೆಸರು ಇಸ್ರಾಯೇಲಿನ ಮೊದಲ ಅರಸನಾದ ಸೌಲನದು. ಅದೇ ಅಧ್ಯಾಯದ 28ನೆಯ ವಚನದಲ್ಲಿ ಹನ್ನಳ ಬಾಯಿಂದ ಬರುವ ಒಂದು ಪದ ಅಕ್ಷರಶಃ ಸೌಲನ ಹೆಸರೇ ಆಗಿರುವುದರಿಂದ, ಈ ಕಥೆ ಮೊದಲಿಗೆ ಸೌಲನ ಜನನಕ್ಕೆ ಸಂಬಂಧಿಸಿತ್ತೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಆದರೆ ಬೈಬಲಿನ ತಾಯಂದಿರು ಹೆಸರಿಗೆ ಕೊಡುವ ಕಾರಣ ಬಹಳ ಕಡೆ ನಾದಸಾಮ್ಯವನ್ನು ಅವಲಂಬಿಸಿರುತ್ತದೆ, ಆದ್ದರಿಂದ ಇಲ್ಲಿಯೂ ಹಾಗೆಯೇ ತಿಳಿಯುವುದು ನನಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ.

‘ದೇವರು ಆಲಿಸಿದನು’ ಎಂಬ ಅರ್ಥ ಎಲ್ಲಕ್ಕಿಂತ ಹೆಚ್ಚು ಹರಡಿದೆ. ಜೇಮ್ಸ್ ಸ್ಟ್ರಾಂಗ್ ಅವರು 1890ರಲ್ಲಿ ಪ್ರಕಟಿಸಿದ ಬೈಬಲ್ ಪದಾನುಕ್ರಮಣಿಕೆ ಇದನ್ನೇ ಕೊಟ್ಟಿದೆ, ಇಂದಿನ ಎಷ್ಟೋ ಬೈಬಲ್ ಆ್ಯಪ್‌ಗಳು ಅದನ್ನೇ ಅನುಸರಿಸುತ್ತವೆ. ಆದರೆ ‘ಆಲಿಸು’ ಎಂಬ ಧಾತುವಿನ ಕೊನೆಯಲ್ಲಿ ಅಯಿನ್ ಎಂಬ ಕಂಠ್ಯಾಕ್ಷರವಿದೆ. ಇಷ್ಮಾಯೇಲ, ಸಿಮೆಯೋನ ಎಂಬ ಹೆಸರುಗಳಲ್ಲಿ ಅದು ಉಳಿದುಕೊಂಡಿದೆ, ಸಮುವೇಲನ ಹೆಸರಿನಲ್ಲಿ ಇಲ್ಲ. ಕನ್ನಡದಲ್ಲಿ ಈ ಧ್ವನಿಗೆ ಬೇರೆ ಅಕ್ಷರವಿಲ್ಲದ ಕಾರಣ ನಮ್ಮ ಲಿಪಿಯನ್ನಷ್ಟೇ ನೋಡಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಮೂಲದ ಅಕ್ಷರಗಳನ್ನು ನೋಡಲೇಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಅಕ್ಷರಗಳಿಗೆ ಚೆನ್ನಾಗಿ ಹೊಂದುವ ವಿಂಗಡಣೆಯೆಂದರೆ ‘ಶೇಮ್’ ಮತ್ತು ‘ಏಲ್’, ಅಂದರೆ ಹೆಸರು ಮತ್ತು ದೇವರು. ನಡುವಿನ ‘ಉ’ಕಾರವನ್ನು ಹಳೆಯ ವಿಭಕ್ತಿಯ ಉಳಿಕೆಯೆಂದು ತಿಳಿದರೆ ‘ದೇವರ ಹೆಸರು’ ಎಂದೂ, ‘ಅವನ’ ಎಂಬ ಸರ್ವನಾಮವೆಂದು ತಿಳಿದರೆ ‘ಅವನ ಹೆಸರು ಏಲ್’ ಎಂದೂ ಅರ್ಥವಾಗುತ್ತದೆ. ನಾಮಕರಣದ ದಿನ ಅರ್ಥವನ್ನು ಹೇಳುವವರು ಇದನ್ನು ಪದದ ಅರ್ಥವೆಂದೂ, ಬೇಡಿ ಪಡೆದ ಮಗನೆಂಬುದನ್ನು ತಾಯಿ ಕೊಟ್ಟ ಕಾರಣವೆಂದೂ ಬೇರೆಬೇರೆಯಾಗಿ ಹೇಳುವುದು ಒಳ್ಳೆಯದು.

ಉಚ್ಚಾರಣೆಯ ದಾರಿಯನ್ನೂ ಗಮನಿಸಬೇಕು. ಹೀಬ್ರೂವಿನಲ್ಲಿ ಇದು ಶ್ಮುಎಲ್; ಗ್ರೀಕ್ ಭಾಷೆಯಲ್ಲಿ ಶಕಾರವಿಲ್ಲದ್ದರಿಂದ ಸಮೂಎಲ್ ಆಯಿತು, ಆ ಸಕಾರವೇ ಲ್ಯಾಟಿನ್ ಮತ್ತು ಇಂಗ್ಲಿಷ್‌ಗಳಲ್ಲಿ ಉಳಿದು ಕನ್ನಡದ ಬೈಬಲಿನಲ್ಲಿಯೂ ನೆಲೆಸಿದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯೆಹೂದ್ಯರಲ್ಲಿ ಇದು ಸಮಾಜಿ ಎಂಬ ರೂಪ ತಳೆಯಿತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು ಟಿಪ್ಪು ಸುಲ್ತಾನನ ಸೆರೆಯಾಳಾಗಿ ಬಿಡುಗಡೆಗೊಂಡ ಸಮುವೇಲ್ ಎಜೆಕಿಯೇಲ್ ದಿವೇಕರ್, 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ (ಯೆಹೂದ್ಯರ ಪ್ರಾರ್ಥನಾಲಯ) ಕಟ್ಟಿಸಿದವರು, ತಮ್ಮ ಸಮುದಾಯದಲ್ಲಿ ಸಮಾಜಿ ಹಸಾಜಿ ಎಂದೇ ಪ್ರಸಿದ್ಧರು.

ಇದೇ ಕ್ರಮದಿಂದ ಯೋನಾತಾನ ಎಂಬ ಹೆಸರನ್ನು ಬಿಡಿಸಿದರೆ ‘ಯೆಹೋವನು ಕೊಟ್ಟನು’ ಎಂಬ ಅರ್ಥ ತೊಡಕಿಲ್ಲದೆ ದೊರೆಯುತ್ತದೆ. ಮೋಶೆಯ ಹೆಸರು ಅಷ್ಟು ಸುಲಭವಲ್ಲ. ವಿಮೋಚನಕಾಂಡದ 2ನೆಯ ಅಧ್ಯಾಯವು ಅದನ್ನು ‘ನೀರಿನಿಂದ ಎಳೆದು ತೆಗೆದದ್ದು’ ಎಂಬುದಕ್ಕೆ ಜೋಡಿಸಿದರೂ, ಹುಟ್ಟು ಎಂಬರ್ಥದ ಈಜಿಪ್ಟಿನ ಪದವೊಂದು ಅದರ ಮೂಲವೆಂದು ಬಹುಪಾಲು ವಿದ್ವಾಂಸರು ತಿಳಿಯುತ್ತಾರೆ. ಅಂಥ ಹೆಸರಿಗೆ ಹೀಬ್ರೂ ನಿಘಂಟು ಸಾಲದು, ಥುಟ್‌ಮೋಸ್‌ನಂತಹ ಈಜಿಪ್ಟಿನ ಅರಸರ ಹೆಸರುಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.